ಗೋಕರ್ಣ ರೋಡ್ ಮತ್ತು ನನ್ನ ಅಲಾರಂ

ಗೋಕರ್ಣಕ್ಕೆ ಹೇಗೆ ಹೋಗುವುದು ಅಂತ ನಮ್ಮ ಮನೆಯಲ್ಲಿ ಹದಿನೈದು ದಿನ ಚರ್ಚೆ ನಡೆಯಿತು. ಅಲ್ಲಿ ಇರಬೇಕಾಗಿದ್ದದ್ದು ಎರಡೇ ದಿನ.

ಭಾವಮೈದ ವಿಮಾನದ ಪರ. "ಹುಬ್ಬಳ್ಳಿಗೆ ಒಂದೇ ಗಂಟೆ ಭಾವ, ಸೀಟ್ ಬೆಲ್ಟ್ ಹಾಕಿ ತೆಗೆಯೋದ್ರೊಳಗೆ ಇಳಿಸ್ತಾರೆ" ಅಂದ. ಹೆಂಡತಿ ಬೆರಳು ಮಡಚಿ ಲೆಕ್ಕ ಹಾಕಿದಳು. ಮನೆಯಿಂದ ದೇವನಹಳ್ಳಿಗೆ ಎರಡು ಗಂಟೆ. ಅಲ್ಲಿ ಕಾಯುವುದು ಎರಡು ಗಂಟೆ. ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಯಲ್ಲಾಪುರ, ಅರಬೈಲ್ ಘಟ್ಟ ಅಂತ ಇನ್ನೂ ಸುಮಾರು 150 ಕಿ.ಮೀ. ಬೆರಳು ಮುಗಿದವು, ವಿಮಾನವೂ ಮುಗಿಯಿತು.

ಬಸ್ಸಿನ ಮಾತು ಎತ್ತುವ ಹಾಗೇ ಇರಲಿಲ್ಲ. ಕಳೆದ ಸಲ ಶಿರಸಿ ಮೇಲೆ ಹೋಗಿದ್ದೆವು. ದೇವಿಮನೆ ಘಟ್ಟ ಶುರುವಾಗುವ ಮೊದಲು ಅಮ್ಮ ಎಲ್ಲರ ಕೈಗೂ ಒಂದೊಂದು ನಿಂಬೆಹಣ್ಣು ಕೊಟ್ಟರು. "ನಂಗೆ ಇದೆಲ್ಲ ಬೇಡಮ್ಮ, ಮಕ್ಕಳಿಗೆ ಕೊಡು" ಅಂದೆ. ನಾಲ್ಕನೇ ತಿರುವಿನಲ್ಲಿ ಕವರ್ ಬೇಕಾಯಿತು. ಇದ್ದ ಒಂದೇ ಕವರಿನಲ್ಲಿ ಚಕ್ಕುಲಿ ಇತ್ತು. ಅದನ್ನು ಬೇರೆ ಕಡೆ ಸುರಿಯುವಷ್ಟು ಪುರುಸೊತ್ತನ್ನು ಘಟ್ಟ ಕೊಡಲಿಲ್ಲ. ಮಗ ಇವತ್ತಿಗೂ ಚಕ್ಕುಲಿ ಬಾಯಿಗಿಡುವ ಮೊದಲು ಒಮ್ಮೆ ನನ್ನ ಮುಖ ನೋಡುತ್ತಾನೆ.

ಸ್ವಂತ ಕಾರಿನಲ್ಲಿ ಹೋಗಬಹುದಿತ್ತು. ಕಾರು ಒಪ್ಪಲಿಲ್ಲ.

ಉಳಿದದ್ದು ರೈಲು. ಸಂಜೆ ಬೆಂಗಳೂರು ಬಿಟ್ಟು, ಹಾಸನ, ಸಕಲೇಶಪುರ ದಾಟಿ, ಘಟ್ಟ ಇಳಿದು, ಉಡುಪಿ ಮೇಲೆ ಕಾರವಾರಕ್ಕೆ ಹೋಗುವ ರಾತ್ರಿ ರೈಲು. ನಾನು ಮಗನಿಗೆ ವಾರವಿಡೀ ಪಾಠ ಮಾಡಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ., ಅಷ್ಟರಲ್ಲಿ 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. ಪಾಪ, ಹುಡುಗ ನೋಟ್‌ಬುಕ್ಕು, ಪೆನ್ಸಿಲ್ ಹಿಡಿದು, ತಂಗಿಯ ಜೊತೆ ಜಗಳ ಆಡಿ ಕಿಟಕಿ ಸೀಟು ಗಿಟ್ಟಿಸಿದ. ಘಟ್ಟ ಬಂದಾಗ ಮಧ್ಯರಾತ್ರಿ ದಾಟಿತ್ತು. ಹೊರಗೆ ಕತ್ತಲು. ಸುರಂಗದೊಳಗೂ ಕತ್ತಲು. "ಅಪ್ಪಾ, ಇದು ಸುರಂಗಾನಾ, ಬರೀ ರಾತ್ರಿನಾ?" ಅಂತ ಕೇಳಿದ. ಸದ್ದು ಜಾಸ್ತಿಯಾದರೆ ಸುರಂಗ ಅಂತ ಬರ್ಕೋ ಅಂದೆ. ಅವನ ಲೆಕ್ಕಕ್ಕೆ ಎಪ್ಪತ್ತೊಂದು ಸಿಕ್ಕಿತು. ಪಕ್ಕದ ಬರ್ತಿನವರ ಗೊರಕೆಯೂ ಸೇರಿಹೋಗಿರಬೇಕು.

ನಮ್ಮ ಸ್ಟೇಷನ್ ಬೆಳಿಗ್ಗೆ ಏಳರ ಆಸುಪಾಸಿಗೆ. ನನ್ನ ಫೋನಿನಲ್ಲಿ ದಿನಾ ಆರೂವರೆಗೆ ಅಲಾರಂ ಹೊಡೆಯುತ್ತದೆ. ಹೊಸದಾಗಿ ಯಾಕೆ ಇಡೋದು ಅಂತ ಸುಮ್ನೆ ಮಲಗಿದೆ. ಆ ಅಲಾರಂ ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ ಅನ್ನುವುದು ಹೊಳೆಯಲೇ ಇಲ್ಲ. ಅವತ್ತು ಭಾನುವಾರ.

ಎಚ್ಚರವಾದಾಗ ರೈಲು ನಿಂತಿತ್ತು. ಯಾರೋ "ಅಂಕೋಲಾ, ಅಂಕೋಲಾ" ಅನ್ನುತ್ತಿದ್ದರು. ಗೋಕರ್ಣ ಹಿಂದಿನ ಸ್ಟೇಷನ್ನು. ನಾಲ್ಕು ಬ್ಯಾಗು, ಎರಡು ಮಕ್ಕಳು, ಒಂದು ಫ್ಲಾಸ್ಕು ಪ್ಲಾಟ್‌ಫಾರ್ಮಿಗೆ ಬಿದ್ದವು. ಒಂದು ಚಪ್ಪಲಿ ಮಾತ್ರ ಕಾರವಾರಕ್ಕೆ ಹೋಯಿತು.

"ಸರಿಯಾಗಿ ಇಳಿದಿದ್ರೂ ಊರು ಅಲ್ಲೇ ಇರ್ತಿರಲಿಲ್ಲ" ಅಂತ ಸಮಜಾಯಿಷಿ ಕೊಡಲು ಹೋದೆ. ಅದು ನಿಜವೇ. ರೈಲ್ವೆಯವರು ಹೆಸರಿನ ಮುಂದೆ ರೋಡ್ ಅಂತ ಹಾಕಿದರೆ ಊರು ಇಲ್ಲಿಲ್ಲ, ಊರಿಗೆ ಹೋಗುವ ರೋಡು ಇದೆ ಅಂತ ಅರ್ಥ. ಗೋಕರ್ಣ ರೋಡ್‌ನಿಂದ ಗೋಕರ್ಣಕ್ಕೆ ಹತ್ತು ಕಿ.ಮೀ. ಸುಬ್ರಹ್ಮಣ್ಯ ರೋಡ್ ಇರುವುದು ನೆಟ್ಟಣದಲ್ಲಿ, ಕುಕ್ಕೆ ಅಲ್ಲಿಂದ ಇನ್ನೂ ದೂರ. "ರೀ, ನಾವು ಆ ರೋಡಿಗೂ ಬರಲಿಲ್ವಲ್ಲ" ಅಂದಳು ಹೆಂಡತಿ.

ಅಮ್ಮ ಮಾತಾಡಲಿಲ್ಲ. ಅದೇ ಭಯ. ಆತ್ಮಲಿಂಗದ ದರ್ಶನ ಆಗುವವರೆಗೆ ಕಾಫಿಯನ್ನೂ ಕುಡಿಯುವುದಿಲ್ಲ ಅಂತ ಕೂತಿದ್ದರು. ಆಟೋ ಹಿಡಿದು ಅಂಕೋಲಾ ಬಸ್ ಸ್ಟ್ಯಾಂಡಿಗೆ ಬಂದೆವು. ಕೆಂಪು ಬಸ್ಸು ಸಿಕ್ಕಿತು. ಅಮ್ಮ, ಹೆಂಡತಿ ಆಧಾರ್ ಕಾರ್ಡ್ ತೋರಿಸಿ ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಹತ್ತಿದರು. ನಿದ್ದೆ ಮಾಡಿದವನು ಮಾತ್ರ ದುಡ್ಡು ಕೊಟ್ಟ. ಇದು ನ್ಯಾಯವೇ ಬಿಡಿ.

ಗಂಗಾವಳಿ ಸೇತುವೆ ದಾಟಿ ಬಸ್ಸು ಮಾದನಗೇರಿಯಲ್ಲಿ ಬಲಕ್ಕೆ ತಿರುಗಿತು. ಒಂದು ಕೈಯಲ್ಲಿ ಒಂಟಿ ಚಪ್ಪಲಿ ಹಿಡಿದು, ಸಾಣಿಕಟ್ಟೆಯಲ್ಲಿ ಉಪ್ಪು ಬೆಳೀತಾರೆ ಗೊತ್ತಾ ಅಂತ ಮಕ್ಕಳಿಗೆ ವಿವರಿಸಲು ಬಾಯಿ ತೆರೆದೆ. ಆಗ ಅಮ್ಮ ಕೊನೆಗೂ ಬಾಯಿ ಬಿಟ್ಟರು.

"ರಾವಣನ ಲಗೇಜು ಇಳಿಸಬಾರದ ಕಡೆ ಇಳಿದು ಅವನು ಕೆಟ್ಟ. ನೀನು ಇಳಿಸಬೇಕಾದ ಕಡೆ ಇಳಿಸದೆ ಕೆಟ್ಟೆ ಕಣೋ. ಅವನಿಗಾದ್ರೂ ಮೋಸ ಮಾಡೋಕೆ ಗಣಪತಿ ಬರಬೇಕಾಯ್ತು."

ಬಸ್ಸಿನಲ್ಲಿ ಕಂಡಕ್ಟರ್ ಸೇರಿ ಎಲ್ಲರೂ ನಕ್ಕರು. ದರ್ಶನ ಆಯಿತು. ಅಮ್ಮನಿಗೆ ಕಾಫಿ ಸಿಕ್ಕಿತು, ನನಗೆ ಹೊಸ ಚಪ್ಪಲಿ. ಸಂಜೆ ಕುಡ್ಲೆ ಬೀಚಿನಲ್ಲಿ ಎಲ್ಲರೂ ಎಲ್ಲವನ್ನೂ ಕ್ಷಮಿಸಿದ ಹಾಗೆ ಕಂಡಿತು. ರಾತ್ರಿ ಹೆಂಡತಿ, "ನಾಳೆ ಯಾರೂ ಎಂಟು ಗಂಟೆವರೆಗೆ ಏಳೋದು ಬೇಡ, ಅತ್ತೆಗೂ ಸುಸ್ತಾಗಿದೆ" ಅಂದಳು.

ಮರುದಿನ ಸೋಮವಾರ. ಬೆಳಿಗ್ಗೆ ಸರಿಯಾಗಿ ಆರೂವರೆಗೆ ನನ್ನ ಅಲಾರಂ ಲಾಡ್ಜಿಗೆ ಲಾಡ್ಜೇ ಏಳುವ ಹಾಗೆ ಹೊಡೆದುಕೊಂಡಿತು.