ಡಬ್ಬಿಯ ಮೇಲೆ ಅಪ್ಪ

ಬರ್ಲಿನ್‌ಗೆ ಓದೋಕೆ, ಇಂಟರ್ನ್‌ಶಿಪ್‌ಗೆ ಅಂತ ಹೊರಟಿರುವವರಿಗೆ ಒಂದು ಕಿವಿಮಾತು. ವೀಸಾ, ಖರ್ಚಿನ ದುಡ್ಡು ಮೊದಲೇ ಇಟ್ಟು ತೋರಿಸುವ ಬ್ಲಾಕ್ಡ್ ಅಕೌಂಟು, ಇನ್ಶೂರೆನ್ಸು ಎಲ್ಲ ಆಮೇಲೆ. ಮೊದಲು ನಿಮ್ಮ ಹೆಸರಿನ ಉದ್ದ ಅಳೆದುಕೊಳ್ಳಿ.

ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಮನೆ ಮನೆಗೂ ನಂಬರು ಇರುವುದಿಲ್ಲ. ಕೆಳಗೆ ಸಾಲಾಗಿ ಅಂಚೆ ಡಬ್ಬಿಗಳು, ಅವುಗಳ ಮೇಲೆ ಹೆಸರು. ಕಾಗದದ ಮೇಲಿನ ಹೆಸರು ಡಬ್ಬಿಯ ಮೇಲೆ ಕಾಣಲಿಲ್ಲವೋ, ಪೋಸ್ಟ್‌ಮ್ಯಾನ್ ಬಂದ ದಾರಿಗೇ ವಾಪಸ್. ಎರಡನೇ ಮಹಡಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟಿರ್ತಾರಲ್ಲ ಅವ್ರೇ, ಅಂತ ಹೇಳಿ ಕಳಿಸೋಕೆ ಯಾರೂ ಇಲ್ಲ.

ನನ್ನ ಟ್ಯಾಕ್ಸ್ ಐಡಿ ಹಾಗೇ ವಾಪಸ್ ಹೋಗಿದೆ ಅಂತ ನಿನ್ನೆ ಗೊತ್ತಾಯಿತು. ಮನೆ ಸೇರಿದ ಎರಡು ವಾರದೊಳಗೆ ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ, ಮಾಡಿಸಬೇಕು ಅನ್ನೋದು ಕಾನೂನು, ಅದರ ಅಪಾಯಿಂಟ್‌ಮೆಂಟಿಗೆ ಮಧ್ಯರಾತ್ರಿ ರಿಫ್ರೆಶ್ ಒತ್ತುತ್ತಾ ಕೂರಬೇಕು ಅನ್ನೋದು ಅನುಭವ. ಅದು ಮುಗಿದ ಮೇಲೆ 11 ಅಂಕಿಯ ಈ ನಂಬರು ಅಂಚೆಯಲ್ಲಿ ಬರುತ್ತದೆ. ಅದಿಲ್ಲದಿದ್ದರೆ ಸಂಬಳವನ್ನು ಅತಿ ಜಾಸ್ತಿ ಕಡಿತದ ಆರನೇ ತೆರಿಗೆ ವರ್ಗಕ್ಕೆ ದೂಡಬಹುದು. ಇಂಟರ್ನ್‌ನ ಸಂಬಳ ಎಷ್ಟು ಅಂತ ನಿಮಗೂ ಗೊತ್ತಲ್ಲ, ಅದಕ್ಕೂ ಕತ್ತರಿ.

ಒಂದು ಹೆಸರು ಅಂಟಿಸೋಕೆ ಏನು ಕಷ್ಟ ಅಂತೀರಾ? ನಮ್ಮ ಫ್ಲಾಟಿನ ಮೂಲ ಬಾಡಿಗೆದಾರನನ್ನು ನೀವು ನೋಡಿಲ್ಲ. ಒಳ್ಳೆಯವನೇ. ಆದರೆ ಅವನ ಡಬ್ಬಿಯ ಮೇಲೆ ಕೈಬರಹ ಇರಕೂಡದು. ಬಂದ ದಿನವೇ ಚೀಟಿ ಬರೆದು ಅಂಟಿಸಿದ್ದೆ. ಸಂಜೆ ಅದು ನೀಟಾಗಿ ಮಡಚಿಕೊಂಡು ನನ್ನ ರೂಮಿನ ಬಾಗಿಲಿಗೆ ಬಂದಿತ್ತು, ಟೇಪ್ ಸಮೇತ. ಎಲ್ಲ ಹೆಸರೂ ಒಂದೇ ಥರದ ಅಕ್ಷರದಲ್ಲಿರಬೇಕಂತೆ, ಲೇಬಲ್ ಮಷೀನು ಅವನ ಹತ್ತಿರವೇ ಇದೆಯಂತೆ, ಭಾನುವಾರ ಕೂತು ಮಾಡೋಣವಂತೆ. ಭಾನುವಾರ ಸ್ಕೇಲ್ ಹಿಡಿದು ಡಬ್ಬಿ ಅಳೆದ. ಆಮೇಲೆ ನನ್ನ ಪಾಸ್‌ಪೋರ್ಟ್ ನೋಡಿ ಗಾಬರಿಯಾದ. ಸರ್‌ನೇಮ್ ಜಾಗದಲ್ಲೇ ಊರು, ಅಪ್ಪ ಇಬ್ಬರೂ ಕೂತಿದ್ದಾರೆ. "ಸ್ವಲ್ಪ ಚಿಕ್ಕದು ಮಾಡಬಹುದಾ?" ಅಂದ. ಅಕ್ಷರವನ್ನೋ ವಂಶವನ್ನೋ ಗೊತ್ತಾಗಲಿಲ್ಲ. ಅಕ್ಷರ ಕಿರಿದು ಮಾಡಿದ, ಇರುವೆ ಸಾಲು ಹೊರಟ ಹಾಗೆ ಬಂತು. ಎರಡು ಸಾಲು ಮಾಡಿದರೆ ಮೇಲಿನ ಹೆಸರುಗಳ ಅಂದ ಕೆಡುತ್ತದೆ. ಅಷ್ಟರಲ್ಲಿ ಮಷೀನಿನ ಟೇಪೇ ಮುಗಿಯಿತು. ಹೊಸದನ್ನು ತರಿಸಿದ. ಅದು ಬರುವಷ್ಟರಲ್ಲಿ ನನ್ನ ಕಾಗದ ಬಂದು, ನೋಡಿ, ಹೋಗಿತ್ತು.

ಯುರೋಪಿನ ವಿದ್ಯಾರ್ಥಿಗಳನ್ನು ಬೇರೆ ದೇಶಕ್ಕೆ ಓದೋಕೆ ಕಳಿಸುವ ಎರಾಸ್ಮಸ್ ಯೋಜನೆ ಶುರುವಾಗಿದ್ದು 1987ರಲ್ಲಿ. ಈಗ ಮ್ಯಾಡ್ರಿಡ್‌ನಲ್ಲಿ ಒಂದು ಸೆಮಿಸ್ಟರ್ ಓದಿ ಪಡೆದ 30 ಕ್ರೆಡಿಟ್ಟು ವಿಯೆನ್ನಾದಲ್ಲೂ ಲೆಕ್ಕಕ್ಕೆ ಬರುತ್ತದೆ. ಕ್ರೆಡಿಟ್ಟು ದೇಶ ದಾಟುತ್ತದೆ, ನನ್ನ ಒಂದು ಲಕೋಟೆ ಡಬ್ಬಿಯ ಬಾಯಿ ದಾಟಲ್ಲ.

ನಿನ್ನೆ ರಾತ್ರಿ ಜಗಳಕ್ಕೇ ನಿಂತೆ. ಕೊನೆಗೆ ಊರನ್ನು ಬಿಟ್ಟು ಅಪ್ಪನನ್ನು ಮಾತ್ರ ಅಂಟಿಸುವುದು ಅಂತ ರಾಜಿಯಾಯಿತು. ಅಂಟಿಸಿದ ಮೇಲೆ ಯಾಕೋ ಅಲ್ಲೇ ಸ್ವಲ್ಪ ಹೊತ್ತು ನಿಂತೆ. ಪಾಸ್‌ಪೋರ್ಟನ್ನೇ ಮಾಡಿಸದ ಮನುಷ್ಯ, ಬರ್ಲಿನ್ನಿನಲ್ಲಿ ಅವರ ಹೆಸರಿಗೆ ಒಂದು ಡಬ್ಬಿ. ಫೋಟೋ ಕಳಿಸಿದೆ. ಫೋನ್ ಬಂತು. "ಹಂಗಾರೆ ಬಾಡಿಗೆ ಯಾರು ಕಟ್ಟೋದು, ನಾನಾ ನೀನಾ?"

ಇವತ್ತು ಬೆಳಗ್ಗೆ ಮೊದಲ ಕಾಗದ ಬಂತು. ಟ್ಯಾಕ್ಸ್ ಐಡಿ ಅಲ್ಲ, ರೇಡಿಯೋ-ಟೀವಿ ಶುಲ್ಕದ್ದು. ತಿಂಗಳಿಗೆ 18.36 ಯೂರೋ. ನನ್ನ ಹತ್ತಿರ ರೇಡಿಯೋನೂ ಇಲ್ಲ, ಟೀವಿನೂ ಇಲ್ಲ. ಮನೆ ಇದ್ದರೆ ಸಾಕಂತೆ. ಮನೆಗೊಂದೇ ಶುಲ್ಕ, ಮೂಲ ಬಾಡಿಗೆದಾರ ಆಗಲೇ ಕಟ್ಟುತ್ತಿದ್ದಾನೆ, ಅವನು ಶುಲ್ಕ ಕಟ್ಟುವ ಖಾತೆಯ ನಂಬರು ತಿಳಿಸಿದರೆ ನಾನು ಪಾರು.

ನಂಬರು ಕೇಳಿದೆ. ಭಾನುವಾರ ಕೂತು ಹುಡುಕೋಣ ಅಂದ.