ಹೊರಟು ನಿಂತ ಮೇಲೆ ಬಡ್ತಿ ಯಾಕೆ?

ನಮ್ಮ ತಂಡದಿಂದ ಇನ್ನೊಬ್ಬಳು ಕೆಲಸ ಬಿಟ್ಟಳು. ನಾಲ್ಕು ವರ್ಷ ಒಂದೇ ಹುದ್ದೆ, ಒಂದೇ ಕೆಲಸ. ಪ್ರತಿ ಅಪ್ರೈಸಲ್‌ನಲ್ಲೂ "ಮುಂದಿನ ಸಲ ನೋಡೋಣ" ಅನ್ನೋದು ಬಿಟ್ಟರೆ ಬೇರೆ ಮಾತಿಲ್ಲ. ಹೊಸ ಸಾಫ್ಟ್‌ವೇರ್ ಕಲಿಯುತ್ತೇನೆ, ವಾರಕ್ಕೆ ಎರಡು ಗಂಟೆ ಬಿಡುವು ಕೊಡಿ ಅಂತ ಕೇಳಿದ್ದಳು, ಅದೂ ಸಿಗಲಿಲ್ಲ. ರಾಜೀನಾಮೆ ಪತ್ರ ಕೈಗೆ ಬಂದ ಮಧ್ಯಾಹ್ನವೇ ಮ್ಯಾನೇಜರ್ ಓಡಿ ಬಂದರು, ಬಡ್ತಿ ಕೊಡ್ತೀವಿ, ಸಂಬಳ ಜಾಸ್ತಿ ಮಾಡ್ತೀವಿ, ಟ್ರೇನಿಂಗ್‌ಗೂ ಕಳಿಸ್ತೀವಿ ಅಂತ. ಇಷ್ಟೆಲ್ಲ ಕೊಡೋಕೆ ಆಗುತ್ತೆ ಅಂದ್ರೆ ಮೊದಲೇ ಯಾಕೆ ಕೊಡಲಿಲ್ಲ? ನನಗೆ ಹೊಟ್ಟೆ ಉರಿಯೋದು ಇದಕ್ಕೇ.

ಅವಳ ಮೇಲಿನ ಹುದ್ದೆ ಕಳೆದ ವರ್ಷ ಖಾಲಿಯಾಗಿತ್ತು. ಹೊರಗಿನಿಂದ ಒಬ್ಬರನ್ನು ತಂದು ಕೂರಿಸಿದರು. ಅವರಿಗೆ ಕೆಲಸ ಕಲಿಸಿದ್ದು ಯಾರು? ಇವಳೇ. ಆರು ವಾರ ಪಕ್ಕದಲ್ಲೇ ಕೂತು, ಯಾವ ಫೈಲ್ ಎಲ್ಲಿದೆ, ಯಾವ ಗ್ರಾಹಕರ ಹತ್ತಿರ ಹೇಗೆ ಮಾತಾಡಬೇಕು ಅಂತ ಒಂದೊಂದಾಗಿ ಹೇಳಿಕೊಟ್ಟಳು. ಅವಳ ಮನಸ್ಸು ಮುರಿದಿದ್ದು ಆಗಲೇ, ನಾನು ಕಣ್ಣಾರೆ ನೋಡಿದ್ದೇನೆ.

ಎಲ್ಲರೂ ದುಡ್ಡಿಗೋಸ್ಕರವೇ ಕೆಲಸ ಬಿಡುವುದಿಲ್ಲ. ಮುಂದೆ ದಾರಿಯೇ ಕಾಣದಿದ್ದರೆ ಯಾರು ತಾನೇ ಸುಮ್ನೆ ಕೂತಿರ್ತಾರೆ, ಅಲ್ವಾ? ಈಗ ಅವಳ ಕೆಲಸವೆಲ್ಲ ನಮ್ಮ ಮೂವರ ತಲೆ ಮೇಲೆ. ಹೊಸಬರು ಸಿಕ್ಕಿ, ಕೆಲಸಕ್ಕೆ ಪಳಗೋಕೆ ತಿಂಗಳುಗಳೇ ಬೇಕು.