ಮುಟ್ಟು ಸರಿಯಾಗಿ ಆಗ್ತಿದೆಯಾ ಅಂತ ಕೇಳಿ

ಬೆಳಗಾವಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಬೆಳಿಗ್ಗೆ ಓಡುವ ಹುಡುಗಿಯರನ್ನು ಕಂಡರೆ ನನಗೆ ತುಂಬಾ ಖುಷಿ. ಅವರು ಓಡಲಿ, ಆಡಲಿ, ಜಿಮ್‌ಗೂ ಹೋಗಲಿ. ನನಗೆ ಚಿಂತೆ ಇರುವುದು ಜ್ವರ ಬಂದರೂ ಓಟ ಬಿಡದವರ ಬಗ್ಗೆ. ಮದುವೆಯಲ್ಲಿ ಒಂದು ಹೋಳಿಗೆ ತಿಂದರೆ ರಾತ್ರಿ ಊಟ ಬಿಡುವವರ ಬಗ್ಗೆ. ಅರ್ಧ ರೊಟ್ಟಿಗೇ ಕೈ ತೊಳೆದು, ಅವ್ವನ ಮುಂದೆ "ಹೊಟ್ಟಿ ತುಂಬೇತಿ" ಅನ್ನುವವರ ಬಗ್ಗೆ.

ಇಂಥವರಲ್ಲಿ ಎಷ್ಟೋ ಮಂದಿ ಓದಿನಲ್ಲೂ ಮುಂದು. 98 ಅಂಕ ಬಂದರೆ ಉಳಿದ ಎರಡಕ್ಕೆ ಅಳುವ ಹುಡುಗಿಯರು. ಅದೇ ಹಟ ಈಗ ಮೈಮೇಲೆ ತಿರುಗಿರುತ್ತದೆ. ಅಂಥವಳನ್ನು ನೋಡಿ ನಾವು ಏನಂತೇವೆ? "ಎಷ್ಟ್ ಸಣ್ಣ ಆಗೀಯವ್ವಾ, ಚಂದ ಕಾಣ್ತಿ!" ಈ ಮಾತು ಕೇಳಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಊಟ ಕಡಿಮೆ, ಓಟ ಜಾಸ್ತಿ ಆದಾಗ ದೇಹ ಶಕ್ತಿ ಉಳಿಸಲು ನೋಡುತ್ತದೆ. ಮಿದುಳಿನಿಂದ ಅಂಡಾಶಯಕ್ಕೆ ಹೋಗುವ ಸೂಚನೆ ಕುಗ್ಗಿ ಮುಟ್ಟು ನಿಲ್ಲುತ್ತದೆ. ಎಲುಬನ್ನು ಕಾಯುವ ಈಸ್ಟ್ರೋಜೆನ್ ಹಾರ್ಮೋನ್ ಇಳಿದು ಎಲುಬು ಸೊರಗುತ್ತದೆ. ಎಲುಬು ಗಟ್ಟಿಯಾಗಬೇಕಾದ ವಯಸ್ಸೇ ಅದು, 30 ದಾಟಿದ ಮೇಲೆ ಆ ನಷ್ಟ ತುಂಬುವುದು ಕಷ್ಟ. ಓಡುವ ಹುಡುಗಿಯರ ಕಾಲೆಲುಬು ಸಣ್ಣಗೆ ಬಿರುಕು ಬಿಡುವುದೂ ಇದರಿಂದಲೇ ಇರಬಹುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಇದಕ್ಕೆ ರೆಡ್-ಎಸ್ (ಆಟೋಟ ಮಾಡುವವರ ದೇಹಕ್ಕೆ ಬೇಕಾದಷ್ಟು ಶಕ್ತಿ ಸಿಗದಿರುವುದು) ಎಂದು ಹೆಸರಿಟ್ಟರು. ನೋಡಲು ತೀರಾ ತೆಳ್ಳಗೆ ಇಲ್ಲದವರಿಗೂ ಇದು ಬರುತ್ತದೆ.

"ಸುಮ್ನೆ ತಿನ್ನು, ಇದೆಲ್ಲ ಹುಚ್ಚು" ಅಂತ ಬೈಯುವವರಿಗೂ ಒಂದು ಮಾತು. 1944-45ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಸುಮಾರು ಅರ್ಧ ಹೊಟ್ಟೆ ಊಟ ಕೊಟ್ಟು ನೋಡಿದರು. ತಲೆ ತುಂಬ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು. ಬೇಸರ, ಸಿಡುಕು ಜಾಸ್ತಿ ಆಯಿತು, ಜನರ ಜೊತೆ ಬೆರೆಯುವುದೇ ಬೇಡವಾಯಿತು. ಹಸಿವೇ ಮನಸ್ಸನ್ನು ಹೀಗೆ ಮಾಡುತ್ತದೆ. ಅಂಥ ಸ್ಥಿತಿಯಲ್ಲಿರುವ ಮಗಳನ್ನು ಬೈದರೆ ಅವಳು ಇನ್ನಷ್ಟು ಮುಚ್ಚಿಡುತ್ತಾಳೆ, ಅಷ್ಟೇ.

ಅವಳೊಬ್ಬಳೇ ಇದ್ದಾಗ ಮುಟ್ಟಿನ ಬಗ್ಗೆ ಮೆಲ್ಲಗೆ ಕೇಳಿ. ಮೂರು ತಿಂಗಳು ಆಗಿಲ್ಲ ಅಂದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಊಟ ಬಿಡುವುದನ್ನೂ ಓಟವನ್ನೂ ಅವರಿಗೆ ತಪ್ಪದೆ ಹೇಳಿ. ಹಾರ್ಮೋನ್ ಮಾತ್ರೆಯಿಂದ ರಕ್ತಸ್ರಾವ ಆದ ಮಾತ್ರಕ್ಕೆ ಎಲ್ಲ ಸರಿಹೋಯಿತು ಎಂದಲ್ಲ, ಊಟ ಹೆಚ್ಚಬೇಕು, ಓಟ ಇಳಿಯಬೇಕು. ಮನಸ್ಸಿನ ನೆರವಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ಹತ್ತಿರವೇ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.